ದೂಡಬ್ಯಾಡ, ಎತ್ತು: ಸಿಕ್ಕಿಕೊಂಡ ಬಾಗಿಲು ಕಲಿಸಿದ ಪಾಠ

ಯುವಜನರ ಕೂಟದ ಸಂದೇಶ
ವಾಕ್ಯಭಾಗ: ಪ್ರಕಟನೆ 3:14-20, ಮತ್ತಾಯ 5:23-24, ಗಲಾತ್ಯ 6:1-2

ಮಳೆಯಲ್ಲಿ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಬಂದಿದ್ದೀರಿ. ಕರ್ತನು ನಿಮ್ಮ ಬರುವಿಕೆಯನ್ನು ಆಶೀರ್ವದಿಸಲಿ. ಸತ್ಯವೇದ ತೆಗೆಯಿರಿ, ಮೊಬೈಲ್‌ನಲ್ಲಿ ಇದ್ದರೂ ಪರವಾಗಿಲ್ಲ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ಪ್ರಕಟನೆ 3ನೇ ಅಧ್ಯಾಯ, 20ನೇ ವಚನ. ಎಲ್ಲರಿಗೂ ಬಾಯಿಪಾಠ ಇರುವ ವಚನ. ಕರ್ತನು ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ, ಯಾರು ತೆರೆದರೆ ಅವರ ಸಂಗಡ ಕೂತು ಊಟ ಮಾಡುತ್ತಾನೆ. ಇದನ್ನು ನಾವು ಸುವಾರ್ತಾ ಕೂಟಗಳಲ್ಲಿ ರಕ್ಷಣೆ ಹೊಂದದವರಿಗೆ ಹೇಳ್ತೀವಿ. ಹೇಳಲಿ, ತಪ್ಪಿಲ್ಲ. ಆದರೆ ಸ್ವಲ್ಪ ಮೇಲಕ್ಕೆ ಹೋಗಿ 14ನೇ ವಚನ ನೋಡಿ. ಈ ಪತ್ರ ಯಾರಿಗೆ ಬಂದದ್ದು? ಲವೊದಿಕೀಯದ ಸಭೆಗೆ. ಅಂದರೆ ಹಾಡುವ, ಕಾಣಿಕೆ ಕೊಡುವ, ಆರಾಧನೆ ಮಾಡುವ ಜನರಿಗೆ. ಮನೆ ಅವರದು, ಹೆಸರು ಕರ್ತನದು, ಬಾಗಿಲು ಮಾತ್ರ ಮುಚ್ಚಿದೆ.

ನಾನು ಕೇಳುವ ಪ್ರಶ್ನೆ ಇದು: ಒಳಗಿರುವವನಿಗೆ ತೆರೆಯಲು ಮನಸ್ಸಿದೆ, ಆದರೆ ಬಾಗಿಲು ಸಿಕ್ಕಿಕೊಂಡಿದೆ. ಆಗ ಏನು?

ಇದು ನನ್ನ ಮನೆಯಲ್ಲೇ ಆದದ್ದು. ಸಾಕ್ಷಿಯಾಗಿ ಹೇಳ್ತೀನಿ. ಇದರಲ್ಲಿ ನನಗೆ ಹೆಮ್ಮೆ ಪಡುವಂಥದ್ದು ಏನೂ ಇಲ್ಲ.

ನಮ್ಮದು ಬಾಗಲಕೋಟೆ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ನಮ್ಮಂಥ ಎಷ್ಟೋ ಕುಟುಂಬಗಳು ನವನಗರಕ್ಕೆ ಬಂದವು. ಅಪ್ಪ ಆ ಮನೆಯಿಂದ ಟ್ರ್ಯಾಕ್ಟರ್‌ನಲ್ಲಿ ತಂದ ಸಾಮಾನಿನಲ್ಲಿ ಒಂದು ಸಾಗವಾನಿ ಬಾಗಿಲು ಇತ್ತು, ಚೌಕಟ್ಟಿನ ಸಮೇತ. ಅದನ್ನೇ ಹೊಸ ಮನೆಯ ಒಳಕೋಣೆಗೆ ಕೂಡಿಸಿದರು. ಅವರು ಮಲಗುವುದು ಅದೇ ಕೋಣೆಯಲ್ಲಿ. ಬೇಸಿಗೆಯಲ್ಲಿ ಆ ಬಾಗಿಲು ಒಂದು ಬೆರಳಿಗೆ ತೆರೆಯುತ್ತದೆ. ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ.

ಅಪ್ಪ ಮೂರು ವರ್ಷದಿಂದ ಫೋನಿನಲ್ಲಿ ಹೇಳುತ್ತಿದ್ದರು: "ತಮ್ಮಾ, ಆ ಬಾಗಲಾ ಒಂದೀಟು ನೋಡಪಾ." ನಾನು "ಮುಂದಿನ ಸಲ ಬಂದಾಗ ಮಾಡಿಸ್ತೀನಿ" ಅನ್ನುತ್ತಿದ್ದೆ.

ಈಗ ಕೇಳಿ. ನಮ್ಮ ಅಣ್ಣ ಬಡಿಗತನ ಮಾಡುವವನು. ಬಾಗಿಲು, ಕಿಟಕಿ, ಕಪಾಟು ಎಲ್ಲ ಬಲ್ಲವನು. ಮನೆ ಎಲ್ಲಿ? ಅದೇ ನವನಗರದಲ್ಲಿ, ಬೈಕಿನಲ್ಲಿ ಐದು ನಿಮಿಷ. ಹಾಗಾದರೆ ಬಾಗಿಲು ಮೂರು ವರ್ಷ ಯಾಕೆ ಹಾಗೇ ಉಳಿಯಿತು? ಮನೆ ಪಾಲಿನ ಮಾತು ಬಂದು ನಾನೂ ಅಣ್ಣನೂ ಮಾತು ಬಿಟ್ಟಿದ್ದೆವು. ಅಪ್ಪ ಅವನನ್ನು ಕರೆಯುತ್ತೇನೆ ಅಂದಾಗ "ಅವನನ್ನ ಕರೀಬ್ಯಾಡ್ರಿ, ಆಮ್ಯಾಲೆ ಅದಕ್ಕೂ ಲೆಕ್ಕಾ ಹೇಳ್ತಾನ" ಅಂದವನು ನಾನು. ಅದೇ ನಾನು ಆ ಮೂರು ವರ್ಷ ಇಲ್ಲಿ ನಿಂತು ನಿಮಗೆ ಕ್ಷಮಾಪಣೆಯ ಬಗ್ಗೆ ಸಂದೇಶ ಕೊಟ್ಟಿದ್ದೇನೆ.

ಹೋದ ಸಪ್ಟೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಮಳೆ ಹಿಡಿದಿತ್ತು. ರಾತ್ರಿ ಎರಡು ಗಂಟೆ ಸುಮಾರಿಗೆ ಒಳಕೋಣೆಯಿಂದ ಸಣ್ಣಗೆ ಬಾಗಿಲು ಬಡಿಯುವ ಸಪ್ಪಳ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಅಂದು ಶುಗರ್ ಇಳಿದುಬಿಟ್ಟಿತ್ತು. ಎದ್ದು ಹೊರಗೆ ಬರಲು ನೋಡಿದ್ದಾರೆ, ಬಾಗಿಲು ಬಂದಿಲ್ಲ. ಅಷ್ಟರಲ್ಲಿ ಕೈಕಾಲಿನಲ್ಲಿ ಶಕ್ತಿ ಹೋಗಿದೆ. ನಾನು ಹೊರಗಿನಿಂದ ದೂಡಿದೆ. ಭುಜ ಕೊಟ್ಟು ದೂಡಿದೆ, ಒದ್ದೆ. ದೂಡಿದಷ್ಟೂ ಅದು ಇನ್ನೂ ಬಿಗಿಯಾಯಿತು. ಅವ್ವ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು.

ಅಣ್ಣ ಮಳೆಯಲ್ಲಿ ನೆನೆಯುತ್ತ ಬಂದ, ಕೈಯಲ್ಲಿ ಒಂದು ಹಾರಿ. ನನ್ನನ್ನು ನೋಡಲಿಲ್ಲ. ಟಾರ್ಚ್ ಹಿಡಿದು ಬಾಗಿಲ ಮೇಲಿನ ಮೂಲೆ ನೋಡಿದ, ಕೆಳಗಿನ ಮೂಲೆ ನೋಡಿದ. ಆಮೇಲೆ ಹಾರಿಯ ಚಪ್ಪಟೆ ತುದಿಯನ್ನು ಚಿಲಕದ ಕಡೆಯ ಮೂಲೆಯಲ್ಲಿ, ಕದಕ್ಕೂ ಫರಸಿಗೂ ನಡುವಿನ ಸಂದಿಯಲ್ಲಿ ತೂರಿಸಿದ. ನಾನು ಮತ್ತೆ ದೂಡಲು ಹೋದೆ. ನಾಲ್ಕು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಇದು: "ದೂಡಬ್ಯಾಡ. ಎತ್ತು."

ಹಾರಿ ಮೇಲೆ ಕಾಲಿಟ್ಟು ಒತ್ತಿದ. ಕದ ಕೂದಲೆಳೆಯಷ್ಟು ಮೇಲೆದ್ದಿತು. ಆಮೇಲೆ ಅಂಗೈಯಿಂದ ಮೆತ್ತಗೆ ಒತ್ತಿದ. ಬಾಗಿಲು ತೆರೆಯಿತು.

ಅಪ್ಪನಿಗೆ ಎಚ್ಚರ ಇತ್ತು. ಸಕ್ಕರೆ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಎದ್ದು ಕೂತರು. ಕರ್ತನಿಗೆ ಸ್ತೋತ್ರ! (ಸಭೆ: ಹಲ್ಲೆಲೂಯಾ!) ಆ ರಾತ್ರಿ ಇನ್ನೊಂದು ರೀತಿ ಮುಗಿಯಬಹುದಿತ್ತು. ಅದು ನನಗೆ ಗೊತ್ತು, ಅಣ್ಣನಿಗೂ ಗೊತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕೂಡಿ ಆ ಬಾಗಿಲು ಸರಿಮಾಡಿದೆವು. ಅಲ್ಲಿ ಕಲಿತ ಐದು ಮಾತುಗಳನ್ನು ಇವತ್ತು ವಾಕ್ಯದ ಜೊತೆ ಇಟ್ಟು ನೋಡೋಣ. ನಿಮ್ಮ ಪಿಜಿಯ, ಫ್ಲ್ಯಾಟಿನ ಬಾಗಿಲಿಗೂ ಉಪಯೋಗ ಆಗ್ತದೆ. ಬರೆದುಕೊಳ್ಳಿ.

ಅದಕ್ಕೆ ಮೊದಲು, ಬಾಗಿಲು ಯಾಕೆ ಹಿಡಿಯುತ್ತದೆ? ಮರ ಗಾಳಿಯ ತೇವ ಕುಡಿಯುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ತೇವ ಕುಡಿದಾಗ ಉಬ್ಬುತ್ತದೆ. ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಉಬ್ಬುವುದೇ ಹೆಚ್ಚು. ಅದಕ್ಕೇ ಮಳೆಗಾಲದಲ್ಲಿ ಪಕ್ಕದ ಅಂಚು ಚೌಕಟ್ಟಿಗೆ ತಿಕ್ಕುತ್ತದೆ. ನೀವು ಬಾದಾಮಿಗೆ ಹೋದವರು ಗುಹೆಗಳ ಕಲ್ಲು ನೋಡಿದ್ದೀರಿ. ಮೂರನೇ ಗುಹೆಯಲ್ಲಿ ಮಂಗಲೇಶನ ಶಾಸನ ಇದೆ, ಕ್ರಿ.ಶ. 578ರದು. ಅಷ್ಟು ಮಳೆಗಾಲ ಕಂಡ ಆ ಕಲ್ಲು ಯಾವ ಮಳೆಗೂ ಉಬ್ಬಿ ಹಿಡಿದುಕೊಳ್ಳಲಿಲ್ಲ. ಹಾಗಾದರೆ ಕಲ್ಲಾಗುವುದೇ ಒಳ್ಳೆಯದಾ? ಕೆಲವರು ಹಾಗೇ ತೀರ್ಮಾನ ಮಾಡಿಬಿಟ್ಟಿದ್ದಾರೆ: "ಬ್ರದರ್, ನಾನು ಈಗ ಯಾರನ್ನೂ ಹಚ್ಚಿಕೊಳ್ಳಲ್ಲ, ಯಾವ ಮಾತೂ ನನಗೆ ತಾಕಲ್ಲ." ಯೆಹೆಜ್ಕೇಲ 36:26ರಲ್ಲಿ ದೇವರು ಕೊಟ್ಟ ವಾಗ್ದಾನ ಅದಕ್ಕೆ ಪೂರಾ ವಿರುದ್ಧ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಅನ್ನುತ್ತಾನೆ. ನೋವು ತಾಕುವುದು ನೀವು ಕೆಟ್ಟವರು ಅನ್ನುವುದಕ್ಕೆ ಗುರುತಲ್ಲ. ತಾಕಿದ ಮೇಲೆ ಏನು ಮಾಡ್ತೀರಿ ಅನ್ನುವುದು ಮುಖ್ಯ.

1. ಎಲ್ಲಿ ಹಿಡಿದಿದೆ ಅಂತ ಮೊದಲು ಹುಡುಕು

ನಾನು ಬೆಳಿಗ್ಗೆ ಎದ್ದವನೇ "ರಂದಾ ಎಲ್ಲಿದೆ, ಕೆತ್ತಿಬಿಡೋಣ" ಅಂದೆ. ಅಣ್ಣ ಹಳೇ ಕ್ಯಾಲೆಂಡರ್‌ನಿಂದ ಒಂದು ಹಾಳೆ ಹರಿದ. ಬಾಗಿಲು ಹಾಕಿ, ಕದಕ್ಕೂ ಚೌಕಟ್ಟಿಗೂ ನಡುವೆ ಆ ಕಾಗದ ಇಟ್ಟು ಮೇಲಿನಿಂದ ಕೆಳಗೆ ಎಳೆಯುತ್ತ ಬಂದ. ಕಾಗದ ಸರಾಗವಾಗಿ ಹೋದ ಕಡೆ ತೊಂದರೆ ಇಲ್ಲ. ನಿಂತ ಕಡೆ ಸೀಮೆಸುಣ್ಣದ ಗುರುತು. ನನ್ನ ಕಣ್ಣಿಗೆ ಇಡೀ ಬಾಗಿಲು ಹಿಡಿದ ಹಾಗೆ ಕಂಡಿತ್ತು. ನಿಜಕ್ಕೂ ಹಿಡಿದದ್ದು ಚಿಲಕದ ಕಡೆಯ ಮೇಲಿನ ಮೂಲೆಯಲ್ಲಿ, ಒಂದು ಗೇಣು.

"ನನ್ನ ಜೀವನವೇ ಸರಿಯಿಲ್ಲ", "ನಮ್ಮ ಮನೆಯವರು ಯಾರೂ ಸರಿಯಿಲ್ಲ", "ಈ ಸಭೆಯೇ ಸರಿಯಿಲ್ಲ". ಹೀಗೆ ಮಾತಾಡ್ತೀವಿ ಅಲ್ವಾ? ಕೀರ್ತನೆ 139ರ ಕೊನೆಯಲ್ಲಿ ದಾವೀದನು ತನ್ನನ್ನು ಶೋಧಿಸಿ ಕೆಟ್ಟ ದಾರಿ ಇದೆಯೋ ನೋಡು ಅಂತ ದೇವರನ್ನು ಬೇಡುತ್ತಾನೆ. ಪವಿತ್ರಾತ್ಮನು ತೋರಿಸುವಾಗ ಜಾಗ ಗುರುತು ಹಾಕಿ ತೋರಿಸುತ್ತಾನೆ: ಈ ಮಾತು, ಈ ಮೆಸೇಜ್, ಈ ವ್ಯಕ್ತಿ. ಸೈತಾನನು ಆಪಾದಿಸುವಾಗ ಮಾತ್ರ "ನೀನು ಪೂರ್ತಿ ಕೆಟ್ಟವನು" ಅನ್ನುತ್ತಾನೆ. ಈ ವ್ಯತ್ಯಾಸ ತಿಳಿದುಕೊಳ್ಳಿ.

2. ತಿಕ್ಕುವುದು ಒಂದು ಕಡೆ, ಸಡಿಲಾದದ್ದು ಇನ್ನೊಂದು ಕಡೆ

ಮೇಲಿನ ಮೂಲೆ ತಿಕ್ಕುತ್ತಿದೆ. ಹಾಗಂತ ಆ ಮೂಲೆಯನ್ನು ಕೆತ್ತಿದರೆ ಸರಿ ಹೋಗ್ತದಾ? ಅಣ್ಣ ನನ್ನನ್ನು ಎದುರಿನ ಅಂಚಿಗೆ, ಹಿಂಜಸ್ ಇರುವ ಕಡೆಗೆ ಕರೆದುಕೊಂಡು ಹೋದ. ಮೇಲಿನ ಹಿಂಜಸ್‌ನ ಸ್ಕ್ರೂ ಬೆರಳಿನಿಂದಲೇ ತಿರುಗುತ್ತಿತ್ತು. ಮೇಲೆ ಹಿಡಿತ ತಪ್ಪಿದಾಗ ಭಾರ ಎಲ್ಲ ಮುಂದಕ್ಕೆ ಜೋಲುತ್ತದೆ, ಚಿಲಕದ ಕಡೆ ಮೇಲಿನ ಮೂಲೆ ಚೌಕಟ್ಟಿಗೆ ಹೋಗಿ ಒತ್ತುತ್ತದೆ, ಕೆಳಗಿನ ಮೂಲೆ ನೆಲದ ಕಡೆ ಇಳಿಯುತ್ತದೆ. ರಾತ್ರಿ ಎತ್ತಿದ ಕೂಡಲೇ ಬಿಟ್ಟುಕೊಂಡದ್ದು ಇದಕ್ಕೇ.

ಸರಿಮಾಡುವುದು ಹೇಗೆ? ಬಾಗಿಲು ತೆರೆದಿಟ್ಟು ಕದದ ಕೆಳಗೆ ಮರದ ತುಂಡು ಕೊಟ್ಟು ಭಾರ ತಡೆಯಬೇಕು. ಎಲ್ಲ ಹಿಂಜಸ್ ಒಮ್ಮೆಗೇ ಬಿಚ್ಚಬಾರದು, ಒಂದೊಂದೇ. ಸ್ಕ್ರೂವಿನ ತೂತು ಸವೆದಿದ್ದರೆ ಎಷ್ಟು ತಿರುಗಿಸಿದರೂ ಹಿಡಿಯುವುದಿಲ್ಲ. ಮರದ ಸಣ್ಣ ಸೀಳುಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿನೊಳಗೆ ಗಟ್ಟಿಯಾಗಿ ತುಂಬಿ, ಒಣಗಿದ ಮೇಲೆ ಹೊಸ ಸ್ಕ್ರೂ ಹಾಕಬೇಕು. ಹಳೆಯದಕ್ಕಿಂತ ಸ್ವಲ್ಪ ಉದ್ದದ್ದಾದರೆ ಒಳಗಿನ ಗಟ್ಟಿ ಮರ ಹಿಡಿಯುತ್ತದೆ.

ಪ್ರಿಯರೇ, ಮನೆಯಲ್ಲಿ ಅವ್ವನ ಮೇಲೆ ಸಿಡಿಯುವುದು, ಆಫೀಸಿನಲ್ಲಿ ಎಲ್ಲರ ಜೊತೆ ತಿಕ್ಕಾಟ, ಇವು ತಿಕ್ಕುವ ಮೂಲೆಗಳು. ಸಡಿಲಾದದ್ದು ಎಲ್ಲಿ? ಯೋಹಾನ 15ರಲ್ಲಿ ಕರ್ತನು ಬಳ್ಳಿ, ಕೊಂಬೆಯ ಮಾತು ಹೇಳುತ್ತಾನೆ. ಆತನಲ್ಲಿ ನೆಲೆಗೊಂಡಿರುವುದೇ ನಮ್ಮ ಮೇಲಿನ ಹಿಂಜಸ್. ಪ್ರಾರ್ಥನೆ ಸಡಿಲಾಗಿ ಆರು ತಿಂಗಳಾಗಿರುತ್ತದೆ. ನಾವು ಮಾತ್ರ "ನನ್ನ ಟೀಮ್ ಲೀಡ್ ಸರಿಯಿಲ್ಲ" ಅಂತ ಮೂಲೆ ಕೆತ್ತುತ್ತಾ ಕೂತಿರ್ತೀವಿ. ಇಳಕಲ್ ಸೀರೆ ನೋಡಿದ್ದೀರಲ್ಲ, ನಮ್ಮ ಅವ್ವ ಉಡುವುದು ಅದನ್ನೇ. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೋಡುವವರ ಕಣ್ಣು ಸೆರಗಿನ ಮೇಲೆ ಇರುತ್ತದೆ, ಸೆರಗು ನಿಂತಿರುವುದು ಆ ಕೊಂಡಿಗಳ ಮೇಲೆ. ಸೊಲೊಮೋನನ ದೇವಾಲಯದಲ್ಲಿ ಬಾಗಿಲುಗಳು ತಿರುಗುವ ಕೀಲುಗಳನ್ನೂ ಬಂಗಾರದಿಂದ ಮಾಡಿದರೆಂದು 1 ಅರಸು 7:50ರಲ್ಲಿ ಇದೆ. ಯಾರೂ ಗಮನಿಸದ ಜಾಗಕ್ಕೆ ಬಂಗಾರ. ಯಾರೂ ನೋಡದ ಬೆಳಗಿನ ಅರ್ಧ ತಾಸು ನಿಮ್ಮ ಜೀವನದಲ್ಲಿ ಏನಾಗಿದೆ?

3. ಕೆಲವು ಸಲ ಬಾಗಿಲಲ್ಲ, ನೆಲ ಸರಿದಿರುತ್ತದೆ

ಹುನಗುಂದದ ಕಡೆ ನಮ್ಮ ಅಜ್ಜಿಯ ಊರು. ಅಲ್ಲಿ ಎರಿ ಭೂಮಿ. ಕರಿ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಪಾಯ ಮೇಲೆಯೇ ಹಾಕಿದ ಮನೆಯಾದರೆ ಮಣ್ಣಿನ ಜೊತೆ ಗೋಡೆಯೂ ಅಲುಗುತ್ತದೆ, ಗೋಡೆಯ ಜೊತೆ ಚೌಕಟ್ಟು ಸೊಟ್ಟಾಗುತ್ತದೆ. ಆಗ ಕದ ಎಷ್ಟು ಕೆತ್ತಿದರೂ ಮುಂದಿನ ವರ್ಷ ಮತ್ತೆ ಅದೇ ಕಥೆ. ಪರೀಕ್ಷೆ ಸುಲಭ. ಚೌಕಟ್ಟಿನ ಒಂದು ಮೇಲಿನ ಮೂಲೆಯಿಂದ ಎದುರಿನ ಕೆಳಗಿನ ಮೂಲೆಗೆ ದಾರ ಹಿಡಿದು ಅಳೆಯಿರಿ. ಹಾಗೆಯೇ ಇನ್ನೊಂದು ಕಡೆಯಿಂದ ಅಳೆಯಿರಿ. ಎರಡೂ ಅಳತೆ ಸಮ ಇದ್ದರೆ ಚೌಕಟ್ಟು ನೆಟ್ಟಗಿದೆ. ಇಲ್ಲದಿದ್ದರೆ ಸೊಟ್ಟಾಗಿದೆ. ಗೋಡೆಯಲ್ಲಿ ಬಿರುಕೂ ಕಂಡರೆ ರಂದಾ ಕೆಳಗಿಟ್ಟು ತಿಳಿದವರಿಗೆ ತೋರಿಸಬೇಕು.

ಮತ್ತಾಯ 7ರ ಕೊನೆಯ ಸಾಮ್ಯ ನಿಮಗೆ ಗೊತ್ತು. ಎರಡು ಮನೆ, ಒಂದೇ ಮಳೆ. ಬಂಡೆ ಅಂದರೆ ಬರೀ ವಾಕ್ಯ ಕೇಳುವುದಲ್ಲ, ಕೇಳಿದ್ದನ್ನು ಮಾಡುವುದು. ನಾನು ವಾಕ್ಯ ಕೇಳಿದವನು, ಹೇಳಿದವನು. ಮಾಡಿರಲಿಲ್ಲ. ನಮ್ಮ ಮನೆಯ ಚೌಕಟ್ಟು ಸಮ ಇತ್ತು, ನನ್ನದು ಸೊಟ್ಟಾಗಿತ್ತು.

4. ಸ್ವಲ್ಪ ಕೆತ್ತು, ಕಾಲ ನೋಡಿ ಕೆತ್ತು

ಹಿಂಜಸ್ ಬಿಗಿ ಮಾಡಿದ ಮೇಲೆ ಮುಕ್ಕಾಲು ತೊಂದರೆ ಹೋಯಿತು. ಇನ್ನೂ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಕಾಗದ ನಿಲ್ಲುತ್ತಿತ್ತು. ಈಗ ಅಣ್ಣ ರಂದಾ ತೆಗೆದ. ಮರದ ಎಳೆ ಹೋಗುವ ದಿಕ್ಕಿಗೇ ಎರಡು ಸಲ ಎಳೆದ, ಬಾಗಿಲು ಹಾಕಿ ನೋಡಿದ. ಮತ್ತೆ ಒಂದು ಸಲ ಎಳೆದ, ನಿಲ್ಲಿಸಿದ. "ಇನ್ನೂ ಒಂದೀಟು ತಗೀ, ಮತ್ತ ಹಿಡಿದೀತು" ಅಂದೆ. ಅವನು ಹೇಳಿದ್ದು: "ಮಳಿಗಾಲದಾಗ ಉಬ್ಬಿದ ಕಟಗಿ ನೋಡಿ ಕೆತ್ತಿದರ, ಏಪ್ರಿಲ್‌ದಾಗ ಸಂದಿಯೊಳಗ ಬೆರಳು ಹೋಗ್ತದ. ತಗದದ್ದು ಹೊಳ್ಳಿ ಬರೂದಿಲ್ಲ."

ಎಷ್ಟು ಸಂದಿ ಬೇಕು? ಸುತ್ತಲೂ ಎರಡರಿಂದ ಮೂರು ಮಿಲಿಮೀಟರ್ ಸಾಕು. ಮೇಲಿನ ಇಲ್ಲವೆ ಕೆಳಗಿನ ಅಂಚು ಕೆತ್ತುವುದಾದರೆ ಎರಡೂ ತುದಿಯಿಂದ ನಡುವಿನ ಕಡೆಗೆ ಎಳೆಯಬೇಕು, ಇಲ್ಲದಿದ್ದರೆ ತುದಿಯ ಮರ ಸೀಳಿ ಬರುತ್ತದೆ. ಬರೀ ಸ್ವಲ್ಪ ತಿಕ್ಕುವ ಬಾಗಿಲಿಗೆ ಮೇಣದ ಬತ್ತಿ ಉಜ್ಜಿದರೂ ಆಗುತ್ತದೆ. ಅದು ಆ ಹೊತ್ತಿಗೆ ಮಾತ್ರ. ನಾವು ಬೇಸರ ಆದಾಗ ಒಂದು ಸಮಾಧಾನದ ರೀಲ್ಸ್ ನೋಡಿ ಮಲಗ್ತೀವಲ್ಲ, ಹಾಗೆ.

ಪ್ರಸಂಗಿ 3ರಲ್ಲಿ ಪ್ರತಿಯೊಂದಕ್ಕೂ ತಕ್ಕ ಕಾಲ ಇದೆ ಅಂತ ಓದುತ್ತೇವೆ. ತಂಗಿ, ತಮ್ಮಾ, ನಿನ್ನ ಮಳೆಗಾಲದಲ್ಲಿ ನಿನ್ನ ಜೀವನ ಕೆತ್ತಿ ಹಾಕಬೇಡ. ಬೈಸಿಕೊಂಡ ದಿನ ರಾಜೀನಾಮೆ ಬರೆಯಬೇಡ. ಅತ್ತ ರಾತ್ರಿ ನಂಬರ್ ಬ್ಲಾಕ್ ಮಾಡಬೇಡ. ಒಬ್ಬ ವಿಶ್ವಾಸಿ ನೋಯಿಸಿದ ವಾರ ಸಭೆ ಬಿಡಬೇಡ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಯಾರಾದರೂ ನಿನಗೆ ಹೊಡೆಯುತ್ತಿದ್ದರೆ, ಹೆದರಿಸುತ್ತಿದ್ದರೆ, ಅಲ್ಲಿ ಬೇಸಿಗೆ ಬರಲಿ ಅಂತ ಕಾಯಬೇಡ. ಆ ಜಾಗದಿಂದ ಹೊರಗೆ ಬಾ, ನಂಬಿಕಸ್ಥರಾದ ಹಿರಿಯರಿಗೆ ತಿಳಿಸು. ಕ್ಷಮಿಸುವುದು ಬೇರೆ, ಅಪಾಯದೊಳಗೆ ಕೂತಿರುವುದು ಬೇರೆ.

5. ಕೆತ್ತಿದ ಜಾಗವನ್ನು ಬರಿದಾಗಿ ಬಿಡಬೇಡ

ಕೆಲಸ ಮುಗಿಯಿತು ಅಂದುಕೊಂಡೆ. ಅಣ್ಣ ಸ್ಟೂಲ್ ಮೇಲೆ ನಿಂತು ಕದದ ಮೇಲಿನ ಅಂಚು ತೋರಿಸಿದ. ಇಷ್ಟು ವರ್ಷದಲ್ಲಿ ಎದುರಿಗೆ ಮೂರು ಸಲ ಬಣ್ಣ ಹಚ್ಚಿದ್ದಾರೆ. ಮೇಲಿನ ಅಂಚಿಗೆ, ಕೆಳಗಿನ ಅಂಚಿಗೆ ಒಮ್ಮೆಯೂ ಇಲ್ಲ, ಯಾರಿಗೂ ಕಾಣುವುದಿಲ್ಲವಲ್ಲ! ಮರದ ಎಳೆಗಳ ತುದಿ ತೆರೆದಿರುವ ಕಡೆಯಿಂದಲೇ ತೇವ ಬೇಗ ಒಳಗೆ ಹೋಗುತ್ತದೆ. ರಂದಾ ಹಾಕಿದ ಅಂಚೂ ಈಗ ಬರಿ ಮರ. ಹಸಿ ಇರುವಾಗ ಬಣ್ಣ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಅದಕ್ಕೆ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ, ಒಣಗಿದ್ದು ನೋಡಿ, ಪ್ರೈಮರ್ ಹಚ್ಚಿ ಬಣ್ಣ ಹಚ್ಚಬೇಕು.

ಮತ್ತಾಯ 12ರಲ್ಲಿ ಕರ್ತನು ಗುಡಿಸಿ ಖಾಲಿ ಬಿಟ್ಟ ಮನೆಯ ಮಾತು ಹೇಳುತ್ತಾನೆ. ಹೊರಗೆ ಹೋದ ದುರಾತ್ಮ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂತು. ಪಶ್ಚಾತ್ತಾಪ ಪಟ್ಟೆ, ಅತ್ತೆ, ಪಾಪ ಬಿಟ್ಟೆ. ಒಳ್ಳೆಯದು. ಆ ಜಾಗ ಬರಿದಾಗಿ ಇದೆಯಾ? ಎಫೆಸ 1:13ರಲ್ಲಿ ಪೌಲನು ನಂಬಿದವರಿಗೆ ಪವಿತ್ರಾತ್ಮನ ಮುದ್ರೆ ಬಿದ್ದಿದೆ ಅನ್ನುತ್ತಾನೆ. ಕಣ್ಣಿಗೆ ಕಾಣುವ ಕಡೆ ಮಾತ್ರ ಬಣ್ಣ ಸಾಲದು. ಸ್ಟೇಜಿನ ಮೇಲೆ ಅನ್ಯಭಾಷೆ, ಮನೆಯಲ್ಲಿ ಹಳೇ ಭಾಷೆ, ಹೀಗಿರಬಾರದು. ಯಾರೂ ನೋಡದ ಅಂಚಿಗೂ ಆತ್ಮನ ಅಭಿಷೇಕ ಬೇಕು. ಆಮೆನ್ ಹೇಳ್ತೀರಾ? (ಸಭೆ: ಆಮೆನ್!)

ಈಗ ಅಣ್ಣನ ಮಾತಿಗೆ ಬರ್ತೀನಿ.

ಸ್ಕ್ರೂ ಹಾಕುವಾಗ ಒಬ್ಬರಿಂದ ಆಗುವುದಿಲ್ಲ. ಒಬ್ಬನು ಕದ ಹಿಡಿಯಬೇಕು, ಇನ್ನೊಬ್ಬನು ತಿರುಗಿಸಬೇಕು. ನಾನು ಹಿಡಿದಿದ್ದೆ. ಅವನ ಮುಖ ನನ್ನ ಮುಖದಿಂದ ಒಂದು ಮೊಳ ದೂರ. ಎಲ್ಲಿಗೂ ಓಡಿಹೋಗುವ ಹಾಗಿಲ್ಲ, ಕೈ ಬಿಟ್ಟರೆ ಬಾಗಿಲು ಬೀಳ್ತದೆ. ಮತ್ತಾಯ 5:23-24 ನೆನಪಿಗೆ ಬಂತು. ಕಾಣಿಕೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಸಮಾಧಾನ ಆಗಬೇಕು. ತಪ್ಪು ಯಾರದು ಅಂತ ಮೊದಲು ಲೆಕ್ಕ ಮಾಡು ಅಂತ ಕರ್ತನು ಹೇಳಲಿಲ್ಲ. ಮೊದಲು ಹೋಗು ಅಂದನು.

ನಾನು ಅಂದೆ, "ಅಣ್ಣಾ, ನಿನ್ನನ್ನ ಕರೀಬ್ಯಾಡ್ರಿ ಅಂತ ಅಪ್ಪಗ ಹೇಳಿದಾವ ನಾನs. ತಪ್ಪಾತು. ಕ್ಷಮಿಸು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅಣ್ಣ ಸಭೆಗೆ ಬರುವವನಲ್ಲ. ಆಮೇಲೆ ಅಂದ, "ಮೈಕ್ ಹಿಡದು ಊರಿಗೆಲ್ಲಾ ಇದನ್ನ ಹೇಳ್ತಿದ್ದಿ. ಮನಿಗೆ ಹೇಳಾಕ ನಾಲ್ಕು ವರ್ಷ ಬೇಕಾತೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೈ ಚಾಚಿದ: "ಇನ್ನೊಂದು ಸ್ಕ್ರೂ ಕೊಡು."

ಅಂದು ಮಧ್ಯಾಹ್ನ ಅವನು ನಮ್ಮ ಮನೆಯಲ್ಲಿ ಊಟ ಮಾಡಿದ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅಪ್ಪ ಮಾತಾಡಲಿಲ್ಲ, ಬಡಿಸುವ ಅವ್ವನ ಕೈ ನಡುಗುತ್ತಿತ್ತು. ಪ್ರಕಟನೆ 3:20ರ ಕೊನೆಯಲ್ಲಿ ಊಟದ ಮಾತು ಯಾಕೆ ಇದೆ ಅಂತ ನನಗೆ ಅಂದು ಅರ್ಥವಾಯಿತು. ಪಾಲಿನ ವಿಷಯ ಇನ್ನೂ ಮುಗಿದಿಲ್ಲ. ಅದನ್ನು ಕೂತು ಮಾತಾಡಬೇಕು, ಮಾತಾಡುತ್ತಿದ್ದೇವೆ. ಆದರೆ ಈಗ ಅಪ್ಪನಿಗೆ ಏನಾದರೂ ಬೇಕಾದರೆ ಮೊದಲ ಫೋನ್ ಅಣ್ಣನಿಗೇ ಹೋಗುತ್ತದೆ.

ಗಲಾತ್ಯ 6:1ರಲ್ಲಿ ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಶಾಂತಭಾವದಿಂದ ಸರಿಮಾಡಿರಿ ಅನ್ನುವ ಅರ್ಥ ಇದೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಕ್ರಿಯಾಪದವೇ ಮಾರ್ಕ 1:19ರಲ್ಲಿ ಯಾಕೋಬ ಯೋಹಾನರು ಬಲೆ ಸರಿಮಾಡುತ್ತಿದ್ದರು ಅನ್ನುವಲ್ಲಿ ಬಂದಿದೆ. ಹರಿದ ಬಲೆಯನ್ನು ಯಾರೂ ಬೈಯುವುದಿಲ್ಲ, ಒದೆಯುವುದಿಲ್ಲ. ತೊಡೆಯ ಮೇಲೆ ಹಾಕಿಕೊಂಡು ಕೂತು ಹೆಣೆಯುತ್ತಾರೆ. ಮುಂದಿನ ವಚನದಲ್ಲೇ ಒಬ್ಬರ ಭಾರ ಒಬ್ಬರು ಹೊರುವ ಮಾತು ಇದೆ. ಹೊರುವುದು ಅಂದರೆ ಎತ್ತುವುದೇ. ಮತ್ತು ಮಾರ್ಕ 6:3 ಮರೆಯಬೇಡಿ. ನಜರೇತಿನವರು ನಮ್ಮ ಕರ್ತನನ್ನು ಬಡಗಿ ಅಂತ ಕರೆದರು. ಆತನಿಗೆ ಬಾಗಿಲ ಕೆಲಸ ಗೊತ್ತು. ಲವೊದಿಕೀಯದ ಬಾಗಿಲನ್ನು ಆತನು ಒದೆಯಲಿಲ್ಲ. ತಟ್ಟಿದನು, ಕಾದನು.

ಈ ವಾರ ಸೆಲ್ ಗ್ರೂಪ್‌ನಲ್ಲಿ ಮಾಡಬೇಕಾದದ್ದು ಇಷ್ಟೇ. ಒಂದು, ಎಲ್ಲಿ ಹಿಡಿದಿದೆ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಹೆಸರು ಬರೆದ ಕಾಗದ ಯಾರಿಗೂ ತೋರಿಸಬೇಕಾಗಿಲ್ಲ. ಎರಡು, ಏಳು ದಿನ ಬೆಳಿಗ್ಗೆ ಅರ್ಧ ತಾಸು, ಮೊಬೈಲ್ ಮುಟ್ಟುವ ಮೊದಲು ಪ್ರಾರ್ಥನೆ. ಮೂರು, ಭಾನುವಾರದ ಆರಾಧನೆಗೆ ಬರುವ ಮೊದಲು ಆ ಒಬ್ಬರಿಗೆ ಫೋನ್. ಮೆಸೇಜ್ ಅಲ್ಲ, ಫೋನ್. ಅವರು ತೆಗೆಯದಿದ್ದರೆ ಇನ್ನೊಂದು ದಿನ ಮಾಡಿ. ಮತ್ತೆ ಮತ್ತೆ ಒದೆಯಬೇಡಿ.

ಎಲ್ಲರೂ ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಇಲ್ಲಿ ಕೂತಿರುವ ಈ ಮಕ್ಕಳಲ್ಲಿ ಕೆಲವರು ಒಳಗೆ ಸಿಕ್ಕಿಕೊಂಡಿದ್ದಾರೆ ಕರ್ತನೇ, ಬಡಿಯುವ ಶಕ್ತಿಯೂ ಹೋಗುತ್ತಿದೆ. ಕೆಲವರು ನನ್ನ ಹಾಗೆ ಹೊರಗಿನಿಂದ ಒದೆಯುತ್ತಿದ್ದಾರೆ. ಸಡಿಲಾದ ಜಾಗ ಯಾವುದೆಂದು ತೋರಿಸು. ಪವಿತ್ರಾತ್ಮನೇ, ಬರಿದಾದ ಅಂಚುಗಳನ್ನು ತುಂಬು. ಊರಿನಲ್ಲಿ ಒಂಟಿಯಾಗಿರುವ ನಮ್ಮ ಅಪ್ಪ ಅವ್ವಂದಿರನ್ನು ಕಾಪಾಡು. ಇವತ್ತು ರಾತ್ರಿ ಹೋಗಬೇಕಾದ ಫೋನ್‌ಗಳು ಹೋಗಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿ. ಅವಸರ ಇಲ್ಲ, ಬಾಗಿಲು ತೆರೆದೇ ಇರ್ತದೆ.